ಹನ್ನೊಂದು ಸಲ ‘ಆತ್ಮ’

ನಮಸ್ಕಾರ.

‘ಕವರ್ ಹಾಡು: ಮರುಹುಟ್ಟೋ, ಮರುಮುದ್ರಣವೋ?’ ಎಂಬ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಬೇರೆಯವರ ಹಾಡು ಹಾಡುವವರು ಅದನ್ನು ಇದ್ದ ಹಾಗೇ ಒಪ್ಪಿಸಬೇಕಾ, ಇಲ್ಲಾ ಹೊಸದಾಗಿ ಕಟ್ಟಬೇಕಾ ಎಂದು ಕೇಳುತ್ತಾ ಐದು ಪುಟ ಬರೆದಿದ್ದೀರಿ. ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಈಗಿನ ಕಾಲದಲ್ಲಿ ಇದು ಸಣ್ಣ ಮಾತೇನಲ್ಲ. ಶೀರ್ಷಿಕೆಯೂ ಪರವಾಗಿಲ್ಲ.

ಪ್ರಕಟಿಸಲು ಮಾತ್ರ ಆಗುವುದಿಲ್ಲ. ಇಂಥ ಪತ್ರವನ್ನು ನಾನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತೇನೆ. ನಿಮಗೆ ಇಷ್ಟುದ್ದ ಬರೆಯುವುದಕ್ಕೆ ಕಾರಣ ನಾಲ್ಕನೇ ಪುಟದ ಒಂದು ಸಾಲು. ಅದರ ವಿಷಯ ಆಮೇಲೆ. ಮೊದಲು ಬೈಗುಳ.

‘ಆತ್ಮ’ ಎಂಬ ಪದ ಹನ್ನೊಂದು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಹಾಡಿನ ಆತ್ಮ, ಮೂಲದ ಆತ್ಮ, ಗಾಯಕನ ಆತ್ಮ. ಎಲ್ಲೆಲ್ಲಿ ನೀವು ಕಿವಿಗೊಟ್ಟು ಕೇಳಬೇಕಿತ್ತೋ ಅಲ್ಲೆಲ್ಲ ಈ ಪದ ಬಂದು ಕೂತಿದೆ. ಸುಮ್ನೆ ಹೇಳುತ್ತಿಲ್ಲ, ಮೂರು ಸಾಲು ತೋರಿಸುತ್ತೇನೆ.

ಎರಡನೇ ಪುಟ: ‘ಅರೀಥಾ ಫ್ರಾಂಕ್ಲಿನ್ ರೆಸ್ಪೆಕ್ಟ್ ಹಾಡಿನ ಆತ್ಮವನ್ನೇ ಬದಲಿಸಿಬಿಟ್ಟರು.’ ಸರಿ, ಏನು ಬದಲಿಸಿದರು? ಇದರ ಮೂಲ ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ ಹಾಡಿದಾಗ ಅದು ಮನೆಗೆ ಬಂದ ಗಂಡಸು ತನಗೆ ಮರ್ಯಾದೆ ಕೊಡು ಎಂದು ಕೇಳುವ ಹಾಡು. 1967ರಲ್ಲಿ ಅರೀಥಾ ಹಾಡಿದಾಗ ಕೇಳುವವಳು ಹೆಂಗಸು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಪದದ ಏಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾರಲ್ಲ, ಆ ಭಾಗ ರೆಡ್ಡಿಂಗ್ ಹಾಡಿನಲ್ಲಿ ಇಲ್ಲವೇ ಇಲ್ಲ. ಹಿಂದೆ ದನಿಗೂಡಿಸುವ ಅಕ್ಕತಂಗಿಯರೂ ಇಲ್ಲ. ಅರೀಥಾ ಹಾಡಿನಲ್ಲಿ ಆ ದನಿಗಳು ಅವರ ಸ್ವಂತ ಅಕ್ಕ ಎರ್ಮಾ ಮತ್ತು ತಂಗಿ ಕ್ಯಾರೊಲಿನ್ ಅವರದು. ಒಂದು ಸಲ ಚಿತ್ರ ಕಣ್ಣಿಗೆ ತಂದುಕೊಳ್ಳಿ. ಒಂದನೇ ಕ್ಲಾಸಿನ ಮಗುವಿಗೆ ಕಾಗುಣಿತ ಹೇಳಿಕೊಡುವ ಹಾಗೆ ಒಬ್ಬ ಹೆಂಗಸು ದೊಡ್ಡ ಗಂಡಸಿಗೆ ಒಂದು ಪದ ಹೇಳಿಕೊಡುತ್ತಿದ್ದಾಳೆ. ಹಿಂದೆ ಅವಳ ಮನೆಯವರು ನಿಂತು ಹೂಂಗುಟ್ಟುತ್ತಿದ್ದಾರೆ. ಇಷ್ಟು ಬರೆದಿದ್ದರೆ ಆತ್ಮ ಬೇಕಾಗುತ್ತಿತ್ತಾ?

ಮೂರನೇ ಪುಟ: ‘ಜಾನಿ ಕ್ಯಾಶ್ ಹರ್ಟ್ ಹಾಡಿನ ಒಂದು ಪದವನ್ನೂ ಮುಟ್ಟದೆ ಅದಕ್ಕೆ ಹೊಸ ಆತ್ಮ ಕೊಟ್ಟರು.’ ಮುಟ್ಟಿದ್ದಾರೆ ಸ್ವಾಮಿ. ನೈನ್ ಇಂಚ್ ನೇಲ್ಸ್ ಎಂಬ ರಾಕ್ ತಂಡದ ಟ್ರೆಂಟ್ ರೆಜ್ನರ್ ಬರೆದು 1994ರಲ್ಲಿ ಹಾಡಿದ ಮೂಲದಲ್ಲಿ ಕಿರೀಟದ ಪಕ್ಕ ಒಂದು ಹೊಲಸು ಪದ ಇದೆ. ಕ್ಯಾಶ್ 2002ರಲ್ಲಿ ಅದನ್ನು ತೆಗೆದು ಮುಳ್ಳಿನ ಕಿರೀಟ ಮಾಡಿದರು. ಒಂದೇ ಪದ. ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳುತ್ತಿದ್ದ ಹುಡುಗನ ಜಾಗದಲ್ಲಿ ಏಸುವನ್ನು ನೆನೆಯುವ ಎಪ್ಪತ್ತರ ಮುದುಕ ಬಂದು ಕೂತ. ಮಾರನೇ ವರ್ಷ ಕ್ಯಾಶ್ ತೀರಿಕೊಂಡರು. ಆ ಒಂದು ಪದ ನಿಮ್ಮ ಇಡೀ ಪ್ರಬಂಧಕ್ಕೆ ಉತ್ತರ ಕೊಡುವಷ್ಟು ದೊಡ್ಡದು. ನೀವು ಅದರ ಮೇಲೇ ನಡೆದುಕೊಂಡು ಹೋಗಿದ್ದೀರಿ.

ಅದೇ ಪುಟದ ಕೆಳಗೆ: ‘ಜೆಫ್ ಬಕ್ಲಿ ಹಾಲೆಲೂಯಾದ ಮೂಲವನ್ನು ಮುರಿದು ಆತ್ಮವನ್ನು ಹೊರತೆಗೆದರು.’ ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಯಾಕೆಂದರೆ ಬಕ್ಲಿ ಮುರಿಯಲಿಲ್ಲ. ಅವರು ಇನ್ನೊಂದು ಕವರ್‌ನ ದಾರಿ ಹಿಡಿದವರು.

ಹಾಲೆಲೂಯಾವನ್ನು ಬರೆದ ಕೆನಡಾದ ಕವಿ-ಗಾಯಕ ಲಿಯೊನಾರ್ಡ್ ಕೋಹೆನ್ ಅದನ್ನು 1984ರಲ್ಲಿ ಹಾಡಿದರು. ಅದರಲ್ಲಿ ಸಿಂಥಸೈಜರ್ ಇದೆ, ಹಿಂದೆ ದೊಡ್ಡ ಕೋರಸ್ ಇದೆ. ಅವರ ಕಂಪನಿ ಅಮೆರಿಕದಲ್ಲಿ ಆ ಆಲ್ಬಂ ಬಿಡುಗಡೆ ಮಾಡಲೇ ಒಪ್ಪಲಿಲ್ಲ. 1991ರಲ್ಲಿ ಕೋಹೆನ್ ಹಾಡುಗಳನ್ನು ಬೇರೆಯವರು ಹಾಡಿದ ಒಂದು ಆಲ್ಬಂ ಬಂತು. ಅದರಲ್ಲಿ ಹಾಡಿದ ಸಂಗೀತಗಾರ ಜಾನ್ ಕೇಲ್, ಈ ಹಾಡಿನ ಸಾಹಿತ್ಯ ಕಳಿಸಿ ಎಂದು ಕೋಹೆನ್ ಅವರನ್ನು ಕೇಳಿದಾಗ, ಕೇಲ್ ಅವರೇ ಹೇಳಿಕೊಂಡಂತೆ, ಫ್ಯಾಕ್ಸಿನಲ್ಲಿ ಹದಿನೈದು ಹಾಳೆ ಬಂದು ಬಿದ್ದವು. ಅಷ್ಟೊಂದು ಚರಣ! ಕೇಲ್ ಮೂಲ ರೆಕಾರ್ಡಿನ ಮೊದಲ ಎರಡು ಚರಣ ಇಟ್ಟುಕೊಂಡರು, ಕೊನೆಯ ಎರಡನ್ನು ಬಿಟ್ಟರು, ಮೂಲ ರೆಕಾರ್ಡಿನಲ್ಲಿ ಇಲ್ಲದ ಮೂರನ್ನು ಸೇರಿಸಿದರು. ಕೋರಸ್ ತೆಗೆದರು. ಪಿಯಾನೋ ಮತ್ತು ಒಂದು ಗಂಟಲು, ಅಷ್ಟೇ. ಬಕ್ಲಿ ಕೇಳಿದ್ದು ಇದನ್ನು. 1994ರ ಅವರ ಹಾಡಿನಲ್ಲಿರುವುದೂ ಕೇಲ್ ಆರಿಸಿದ ಚರಣಗಳೇ. ಪಿಯಾನೋ ಇದ್ದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಂದಿದೆ.

ಬಿಟ್ಟ ಆ ಕೊನೆಯ ಚರಣದಲ್ಲಿ ಏನಿತ್ತು ಗೊತ್ತಾ? ಎಲ್ಲ ತಪ್ಪಿಹೋದರೂ ಹಾಡಿನ ದೇವರ ಮುಂದೆ ನಿಂತು ಹಾಲೆಲೂಯಾ ಎಂಬ ಆ ಒಂದೇ ಪದ ಹೇಳುತ್ತೇನೆ ಎಂಬ ಮಾತು. ಕೋಹೆನ್ ಹಾಡು ಅಲ್ಲಿ ತಲೆ ಎತ್ತಿ ಮುಗಿಯುತ್ತದೆ. ಕೇಲ್ ಮತ್ತು ಬಕ್ಲಿ ಹಾಡಿದ್ದು ಮುರಿದ ಪ್ರೀತಿಯ ಹತ್ತಿರವೇ ನಿಲ್ಲುತ್ತದೆ. ಇದು ದೊಡ್ಡ ಬದಲಾವಣೆ ಅಲ್ವಾ? ಹೊಸದಾಗಿ ಬರೆದು ಮಾಡಿದ್ದಲ್ಲ, ಆರಿಸಿ ಬಿಟ್ಟು ಮಾಡಿದ್ದು. ಹೀಗಿರುವಾಗ ಬಕ್ಲಿ ಮರುಹುಟ್ಟಿನ ಕಡೆಯವರೋ, ಮರುಮುದ್ರಣದ ಕಡೆಯವರೋ? ನಿಮ್ಮ ಎರಡು ಡಬ್ಬಿಯಲ್ಲಿ ಅವರನ್ನು ಯಾವುದಕ್ಕೆ ಹಾಕುತ್ತೀರಿ? ಇದು ನಿಮಗೆ ಕಷ್ಟ ಕೊಡಬೇಕಿತ್ತು. ಕೊಟ್ಟಿಲ್ಲ. ‘ಆತ್ಮ’ ಎಂದು ಬರೆದು ಪ್ಯಾರಾ ಮುಗಿಸಿದ್ದೀರಿ.

ನಿಮ್ಮನ್ನು ಇಷ್ಟು ಬೈಯುವ ಹಕ್ಕು ನನಗೆ ಇದೆಯೋ ಇಲ್ಲವೋ. ನನ್ನ ಪದ ‘ಮನಮುಟ್ಟುವ’ ಆಗಿತ್ತು. ನಾನು ಕೆಲಸಕ್ಕೆ ಸೇರಿದ ವಾರಪತ್ರಿಕೆಯಲ್ಲಿ ಸಂಗೀತದ ಪುಟ ನೋಡುತ್ತಿದ್ದ ಹಿರಿಯರೊಬ್ಬರಿದ್ದರು. ಒಂದು ಹಾಡನ್ನು ಇಬ್ಬರು ಹಾಡಿದ ಕ್ಯಾಸೆಟ್ ಕೊಟ್ಟು ಬರೆದುಕೊಂಡು ಬಾ ಎಂದರು. ಮೂರು ಪುಟ ಬರೆದೆ. ವಾಪಸ್ ಬಂದಾಗ ಎಲ್ಲ ‘ಮನಮುಟ್ಟುವ’ಗಳ ಸುತ್ತ ಕೆಂಪು ಸುತ್ತು, ಪಕ್ಕದಲ್ಲಿ ಮೂರು ಪ್ರಶ್ನೆ: ಯಾರ ಮನ? ಎಲ್ಲಿ ಮುಟ್ಟಿತು? ಎಷ್ಟನೇ ನಿಮಿಷದಲ್ಲಿ?

ಆ ಕ್ಯಾಸೆಟ್ಟನ್ನು ಎಷ್ಟು ಸಲ ಹಿಂದಕ್ಕೆ ಸುತ್ತಿದೆನೋ ಲೆಕ್ಕವಿಲ್ಲ. ಪ್ಲೇಯರಿನ ಬಟನ್ ಕೈಕೊಟ್ಟ ಮೇಲೆ ಪೆನ್ಸಿಲ್ ತೂರಿಸಿ ಸುತ್ತಿದೆ. ಮೂರನೇ ದಿನ ಕೇಳಿಸಿತು. ಮೊದಲನೆಯವರು ಪಲ್ಲವಿಯ ಎರಡನೇ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಎರಡನೆಯವರು ನಡುವೆ ಉಸಿರು ತೆಗೆದುಕೊಳ್ಳುತ್ತಾರೆ, ಅದೂ ‘ನೀನು’ ಎಂಬ ಪದಕ್ಕೆ ಸರಿಯಾಗಿ ಮುಂಚೆ. ಅದೇ ಸ್ವರ, ಅದೇ ತಾಳ, ಅದೇ ಮಾತು. ಆದರೆ ಒಬ್ಬರು ನೀನು ಬಂದೇ ಬರುತ್ತೀಯ ಎಂದು ಹಾಡುತ್ತಿದ್ದಾರೆ, ಇನ್ನೊಬ್ಬರಿಗೆ ಅನುಮಾನ. ಅಷ್ಟನ್ನೇ ಅರ್ಧ ಪುಟ ಬರೆದು ಕೊಟ್ಟೆ. ಹಿರಿಯರು ಏನೂ ಹೇಳಲಿಲ್ಲ. ಅಚ್ಚಿಗೆ ಹೋಯಿತು.

ಈಗ ನಿಮ್ಮ ಇನ್ನೊಂದು ತಪ್ಪು. ಇದು ನನಗೆ ವೈಯಕ್ತಿಕವಾಗಿ ಚುಚ್ಚಿದ್ದು, ಅದಕ್ಕೇ ಜಾಸ್ತಿ ಮಾತಾಡಿದರೆ ಕ್ಷಮಿಸಿ. ನೀವು ಬರೆಯುತ್ತೀರಿ: ‘ನಕಲು ಸೋಮಾರಿಗಳ ಕೆಲಸ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ.’ ಗಾದೆ ಬಿಡಿ, ಎಲ್ಲರೂ ಹಾಕುತ್ತಾರೆ. ಸೋಮಾರಿ ಎಂದಿರಲ್ಲ, ಅದು ಹೇಗೆ? ಅಮೆರಿಕದ ಸಂಗೀತಗಾರ ಟಾಡ್ ರಂಡ್‌ಗ್ರೆನ್ 1976ರಲ್ಲಿ ಒಂದು ರೆಕಾರ್ಡ್ ಮಾಡಿದರು. ಒಂದು ಬದಿಯಲ್ಲಿ ಅವರ ಸ್ವಂತ ಹಾಡುಗಳು. ಇನ್ನೊಂದು ಬದಿಯಲ್ಲಿ 1960ರ ದಶಕದ ಆರು ಹಾಡುಗಳು, ಆದಷ್ಟೂ ಮೂಲದ ಹಾಗೇ. ದನಿ, ವಾದ್ಯ, ಸ್ಟುಡಿಯೋದ ಗುಂಗು ಎಲ್ಲ. ಯಾಕೆ ಮಾಡಿದರು ಎಂದು ಜನ ಇವತ್ತಿಗೂ ಜಗಳವಾಡುತ್ತಾರೆ. ನನಗೂ ಆ ಬದಿ ಇಷ್ಟವಿಲ್ಲ. ಆದರೆ ಸೋಮಾರಿಯಿಂದ ಆಗುವ ಕೆಲಸ ಅದಲ್ಲ. ಬೀಟಲ್ಸ್ ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಅಂಟಿಸಿ ಮಾಡಿದ್ದನ್ನು ಮತ್ತೆ ಕಟ್ಟಬೇಕಾದರೆ ಮೊದಲು ಒಂದೊಂದು ಕೀಲನ್ನೂ ಬಿಚ್ಚಿ ನೋಡಬೇಕು. ನೀವು ಐದು ಪುಟದಲ್ಲಿ ಬಿಚ್ಚದ ಕೀಲುಗಳು ಅವು.

(ಅಂದಹಾಗೆ ಕಾನೂನಿಗೂ ಈ ತಲೆನೋವು ಇದೆ. ಒಡೆಯರನ್ನು ಒಪ್ಪಿಸದೆಯೂ ಶುಲ್ಕ ಕಟ್ಟಿ ಕವರ್ ಮಾಡಲು ಬಿಡುವ ಅಮೆರಿಕದ ಕಡ್ಡಾಯ ಪರವಾನಗಿಯಲ್ಲಿ ನಿಮ್ಮ ಶೈಲಿಗೆ ಹಾಡನ್ನು ಹೊಂದಿಸಿಕೊಳ್ಳಬಹುದು, ಮೂಲ ರಾಗ ಮತ್ತು ಮೂಲ ಗುಣ ಕೆಡಿಸುವಂತಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ, ಕವರ್‌ಗಳ ಕುರಿತ 31ಸಿ ಕಲಮು ಇನ್ನೂ ಬಿಗಿ. ಮೊದಲ ರೆಕಾರ್ಡ್ ಬಂದ ವರ್ಷ ಮುಗಿದು ಐದು ವರ್ಷ ಕಾಯಬೇಕು, ಒಡೆಯರ ಒಪ್ಪಿಗೆ ಇಲ್ಲದೆ ತಾಂತ್ರಿಕವಾಗಿ ಅಗತ್ಯವಿಲ್ಲದ ಬದಲಾವಣೆ ಮಾಡುವಂತಿಲ್ಲ. ಅಂದರೆ ನೀವು ಬೈದ ಮರುಮುದ್ರಣವನ್ನೇ ಈ ಕಲಮು ಕೇಳುತ್ತದೆ. ಇದನ್ನು ನೀವು ಬಿಟ್ಟಿದ್ದು ದೊಡ್ಡ ತಪ್ಪಲ್ಲ, ನೆನಪಾಯಿತು ಬರೆದೆ.)

ನಕಲು ಮಾಡಿದವನು ನಾನೂ. ಎರಡು ವರ್ಷ ಆ ಹಿರಿಯರ ಹಾಗೇ ಬರೆದೆ. ಅವರ ಚಿಕ್ಕ ವಾಕ್ಯ, ಅವರ ಹಾಗೇ ಕ್ರಿಯಾಪದ ಮುಂದೆ ತರುವುದು, ಎಲ್ಲ. ನಾನು ಹೆಸರು ಹಾಕದೆ ಬರೆದ ಒಂದು ಲೇಖನಕ್ಕೆ ಓದುಗರೊಬ್ಬರು ಅವರನ್ನು ಹೊಗಳಿ ಪತ್ರ ಬರೆದರು. ನನಗೆ ಹಿಗ್ಗೋ ಹಿಗ್ಗು. ಪತ್ರ ಹಿಡಿದು ಅವರ ಮೇಜಿಗೆ ಓಡಿದೆ. ಅವರು ಪತ್ರ ಓದಿದರು, ಲೇಖನ ಮತ್ತೆ ಓದಿದರು. ‘ನನ್ನ ಕೆಮ್ಮನ್ನೂ ಕಲಿತುಬಿಟ್ಟಿದ್ದೀಯಲ್ಲ’ ಎಂದರು. ಪ್ಯಾರಾದ ಕೊನೆಗೆ ‘ಇರಲಿ’ ಎಂದು ಬರೆಯುವ ಅಭ್ಯಾಸ ಅವರಿಗಿತ್ತು. ಮುಂದೆ ಏನು ಬರೆಯಬೇಕೆಂದು ತೋಚದಿದ್ದಾಗ ಹಾಗೆ ಬರೆಯುತ್ತಿದ್ದರಂತೆ. ನಾನು ಅದನ್ನು ಶೈಲಿ ಅಂದುಕೊಂಡಿದ್ದೆ. ಆ ಲೇಖನದಲ್ಲಿ ನಾಲ್ಕು ‘ಇರಲಿ’ಗಳಿದ್ದವು.

ಆದರೂ ಆ ಎರಡು ವರ್ಷ ಇಲ್ಲದಿದ್ದರೆ ನನಗೆ ವಾಕ್ಯ ಕಟ್ಟಲು ಬರುತ್ತಿರಲಿಲ್ಲ.

ಬಕ್ಲಿ ಹಾಡು ಶುರುವಾಗುವುದು ಒಂದು ಉಸಿರಿನಿಂದ, ಗಮನಿಸಿದ್ದೀರಾ? ಮಾತಿಲ್ಲ, ಸ್ವರವಿಲ್ಲ. ಗಿಟಾರಿಗೂ ಮುಂಚೆ ಒಂದು ನಿಟ್ಟುಸಿರು. ಇವತ್ತು ಹೊಸತನದ ಹೆಸರಲ್ಲಿ ಬರುವ ಎಷ್ಟು ಕವರ್‌ಗಳಲ್ಲಿ ಆ ಉಸಿರು ಇದೆ ನೋಡಿ. ಕುಣಿಯುವ ಹಾಡು ಸಿಕ್ಕರೆ ನಿಧಾನ ಮಾಡು, ಡ್ರಮ್ ತೆಗೆ, ಪಿಯಾನೋ ಇಡು, ಮೈಕಿಗೆ ಬಾಯಿ ಅಂಟಿಸಿ ಪಿಸುಗುಟ್ಟು. ಇದನ್ನೇ ನೀವು ಐದನೇ ಪುಟದಲ್ಲಿ ‘ಧೈರ್ಯದ ಮರುಸೃಷ್ಟಿ’ ಎಂದು ಹೊಗಳಿದ್ದೀರಿ. ನನ್ನ ಕಿವಿಗೆ ಅದು ಪಕ್ಕಾ ನಕಲು. ಮೂಲ ಹಾಡಿನ ನಕಲಲ್ಲ, ಇನ್ನೊಬ್ಬರು ಮಾಡಿದ ಹೊಸತನದ ನಕಲು. ಇನ್ನೊಬ್ಬರ ಕೆಮ್ಮು.

ಈಗ ನಾಲ್ಕನೇ ಪುಟ. ಮೇಲಿನಿಂದ ಒಂಬತ್ತನೇ ಸಾಲು. ‘ನಾನೂ ಒಮ್ಮೆ ಇಷ್ಟದ ಹಾಡೊಂದನ್ನು ಫೋನಿನಲ್ಲಿ ಏಳು ಸಲ ರೆಕಾರ್ಡ್ ಮಾಡಿದೆ, ಕೇಳಿಸಿಕೊಂಡ ತಂಗಿ, ನೀನು ಯಾಕೆ ಅವನ ಗಂಟಲಲ್ಲಿ ಹಾಡ್ತೀಯ ಅಂದಳು.’ ಆಮೇಲೆ ಅರ್ಧವಿರಾಮ ಕೂಡ ಇಲ್ಲದೆ ‘ಕಲೆಯಲ್ಲಿ ಅನುಕರಣೆಯ ಪಾತ್ರ ಸಂಕೀರ್ಣವಾದುದು’ ಎಂದು ಹೊರಟುಹೋಗಿದ್ದೀರಿ. ಇದನ್ನು ಓದಿ ನಾನು ಹಾಳೆ ಕೆಳಗಿಟ್ಟೆ. ಇಡೀ ಐದು ಪುಟದಲ್ಲಿ ಜೀವ ಇರುವ ಸಾಲು ಇದೊಂದೇ, ಅದನ್ನು ಎರಡು ಉಪನ್ಯಾಸಗಳ ಮಧ್ಯೆ ಒತ್ತರಿಸಿಬಿಟ್ಟಿದ್ದೀರಿ. ಮೊದಲ ಸಲಕ್ಕೂ ಏಳನೇ ಸಲಕ್ಕೂ ಏನು ಬದಲಾಯಿತು? ತಂಗಿ ಎಷ್ಟನೆಯದನ್ನು ಕೇಳಿದ್ದು? ಅವನ ಗಂಟಲು ಅಂದರೆ ಏನು, ಮೂಗಿನ ದನಿಯಾ, ಸಾಲಿನ ತುದಿಯನ್ನು ಬಿಡುವ ರೀತಿಯಾ? ಬೇಕಂತಲೇ ಹಾಗೆ ಹಾಡಿದಿರಾ, ತಾನಾಗಿ ಬಂತಾ? ನಿಮ್ಮದೇ ದನಿಯಲ್ಲಿ ಹಾಡಲು ಹೋದಾಗ ಹಾಡು ಕೆಟ್ಟಿತಾ? ಸಿಟ್ಟು ಬಂತಾ, ಇಲ್ಲಾ ನನಗೆ ಆ ಪತ್ರ ಬಂದಾಗ ಆದ ಹಾಗೆ ಒಳಗೊಳಗೇ ಹೆಮ್ಮೆಯಾಯಿತಾ?

ಅರೀಥಾ, ಕ್ಯಾಶ್ ಎಲ್ಲರನ್ನೂ ತೆಗೆಯಿರಿ. ಬಕ್ಲಿಯನ್ನು ಬೇಕಾದರೆ ಒಂದು ಪ್ಯಾರಾ ಇಟ್ಟುಕೊಳ್ಳಿ, ಕೇಲ್ ಹೆಸರು ಮರೆಯಬೇಡಿ. ಉಳಿದದ್ದೆಲ್ಲ ನೀವು, ಫೋನು ಮತ್ತು ತಂಗಿ. ಎರಡು ಪುಟ ಸಾಕು. ಕೊನೆಯ ಪ್ಯಾರಾದಲ್ಲಿ ಎರಡೂ ಕಡೆಗೆ ನ್ಯಾಯ ಹೇಳಲು ಹೋಗಬೇಡಿ.

ಒಂದೇ ಒಂದು ಚಿಂತೆ. ಆ ಏಳೂ ರೆಕಾರ್ಡಿಂಗ್ ಅಳಿಸಿಲ್ಲ ತಾನೇ?

ಇಂತಿ,
ಸಂಪಾದಕ