ಹೊಟ್ಟೆ ತುಂಬುತ್ತಿದೆ, ಮೈ ಹತ್ತುತ್ತಿಲ್ಲ

ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಮೂರು ವರ್ಷ ತುಂಬಿತು, ತೂಕ ಹತ್ತೂವರೆ ಕೆ.ಜಿ. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕುಡಿಯುತ್ತಾಳೆ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಬೇಳೆಕಟ್ಟು ಕಲಸಿದ ಅನ್ನ. ಆದರೂ ಸೊರಗಿದ್ದಾಳೆ. ಉಣಿಸೋಕೆ ಬರಲ್ಲ ಅಂತ ಅತ್ತೆ ಅಂತಾರೆ. ಡಬ್ಬಿ ಪುಡಿ ಶುರು ಮಾಡಲೇ?"

ತಂಗಿ, ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಉಣಿಸುತ್ತಲೇ ಇದ್ದೀರಿ. ಆದರೆ ಹಾಲು, ಗಂಜಿ, ಕಟ್ಟು ಮೂರೂ ತೆಳು. ಮಗುವಿನ ಪುಟ್ಟ ಹೊಟ್ಟೆಯನ್ನು ನೀರೇ ತುಂಬಿಕೊಂಡರೆ ಊಟಕ್ಕೆ ಜಾಗ ಎಲ್ಲಿ?

ಮೊದಲು ಹಾಲನ್ನು ಎರಡು ಸಣ್ಣ ಲೋಟಕ್ಕೆ ಇಳಿಸಿ, ಅದನ್ನೂ ಊಟವಾದ ಮೇಲೆ ಕೊಡಿ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಗುವಿಗೆ ರಕ್ತಹೀನತೆ ಬರಬಹುದು, ಆಗ ಹಸಿವೂ ಸಾಯುತ್ತದೆ.

ಬೇಳೆಯ ಕಟ್ಟು ಬಿಟ್ಟು ಬೇಳೆಯನ್ನೇ ಕಿವುಚಿ ಕಲಸಿ. ಮೇಲೆ ಒಂದು ಚಮಚ ತುಪ್ಪ. ಒಂದು ಗ್ರಾಂ ಅನ್ನದ ಪಿಷ್ಟದಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಕೊಬ್ಬಿನಲ್ಲಿ 9. ಟೀ ಚಮಚದಷ್ಟು ತುಪ್ಪವೆಂದರೆ ಸುಮಾರು 45. ಮೂರು ಹೊತ್ತಿಗೆ 135 ಆಯಿತು. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸಾವಿರದ ಆಸುಪಾಸು; ಅಂದರೆ ಒಂದು ತುತ್ತೂ ಹೆಚ್ಚು ತಿನ್ನಿಸದೆ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ ಸೇರಿತು.

ರಾಗಿಯನ್ನು ಬಿಡಬೇಡಿ, ಮೊಳಕೆ ಕಟ್ಟಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದರ ಗುಟ್ಟು ಇಲ್ಲಿದೆ: ಮೊಳೆತ ಕಾಳಿನಲ್ಲಿ ಪಿಷ್ಟ ಒಡೆಯುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಗಟ್ಟಿಯಾಗಿ ಮುದ್ದೆ ಕಟ್ಟುವುದಿಲ್ಲ, ಮಗು ಸಲೀಸಾಗಿ ನುಂಗುತ್ತದೆ. ಅದಕ್ಕೆ ಬೆಲ್ಲ, ತುಪ್ಪ, ಹುರಿದು ಪುಡಿ ಮಾಡಿದ ಕಡಲೆಬೀಜ ಸೇರಿಸಿ. ಇಡೀ ಬೀಜ ಮಾತ್ರ ಈಗಲೇ ಬೇಡ, ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಇನ್ನು ನಿಮ್ಮದು ಕೊಬ್ಬರಿಯ ಊರು! ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ನಾಲ್ಕು ಗಂಟೆಗೆ ಕೊಬ್ಬರಿ ತುರಿ, ಬೆಲ್ಲ ಹಾಕಿದ ಹುರಿಹಿಟ್ಟಿನ ಉಂಡೆ ಕೊಡಿ. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು ಮೊಟ್ಟೆ. ಡಬ್ಬಿ ಪುಡಿಯ ಚೀಟಿ ಓದಿ ನೋಡಿ, ಹಲವದರಲ್ಲಿ ಸಕ್ಕರೆಯೇ ಮುಂದಿರುತ್ತದೆ.

ಬಟ್ಟಲು ಹಿಡಿದು ಬೆನ್ನಟ್ಟಬೇಡಿ, ಮೊಬೈಲ್ ತೋರಿಸಿ ತುರುಕಬೇಡಿ. ನಿಮ್ಮ ಜೊತೆ ಕೂರಿಸಿಕೊಳ್ಳಿ, ಅವಳ ಕೈಗೂ ಒಂದು ತಟ್ಟೆ ಕೊಡಿ.

ಆದರೆ ಒಂದು ಮಾತನ್ನು ಮುಚ್ಚಿಡಲಾರೆ. ಮೂರು ತುಂಬಿದ ಹೆಣ್ಣುಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಮಧ್ಯಮ ತೂಕ 13.9 ಕೆ.ಜಿ.; 10.8ಕ್ಕಿಂತ ಇಳಿದರೆ ಕಡಿಮೆ ತೂಕವೆಂದೇ ಲೆಕ್ಕ. ಆದ್ದರಿಂದ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ರಕ್ತಹೀನತೆ, ಜಂತುಹುಳು, ಕ್ಷಯ, ಮೂತ್ರದ ಸೋಂಕು ಯಾವುದಿದ್ದರೂ ತುಪ್ಪವೊಂದೇ ಸಾಲದು. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ಅಳೆಸಿ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ತಡಮಾಡದೆ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ.

ತಿಂಗಳು ಬಿಟ್ಟು ಅದೇ ತಕ್ಕಡಿಯಲ್ಲಿ ಮತ್ತೆ ತೂಗಿಸಿ. ಎಷ್ಟು ಬಂದರೂ ನನಗೊಂದು ಕಾಗದ ಹಾಕಿ.

– ಸಂಪಾದಕ