ಮೂಳೆ ಕಡಿಯುವಾಗ ನಾಯಿಯ ದವಡೆ ಹಲ್ಲು ಮುರಿದಿದೆ, ಊಟ ಚೆನ್ನಾಗೇ ಮಾಡುತ್ತಿದೆ. ಹಾಗೇ ಬಿಡಬಹುದೇ?

ದಯವಿಟ್ಟು ಬಿಡಬೇಡಿ. ಹಲ್ಲು ಎಷ್ಟೇ ನೋಯುತ್ತಿದ್ದರೂ ನಾಯಿ ಊಟ ಬಿಡುವುದು ಅಪರೂಪ. ಒಂದೇ ಪಕ್ಕದಲ್ಲಿ ಅಗಿಯುತ್ತಿದೆಯೇ ಗಮನಿಸಿ. ತುಟಿ ಮೇಲೆತ್ತಿ, ಮುರಿದ ಜಾಗಕ್ಕೆ ಟಾರ್ಚ್ ಬಿಡಿ. ನಡುವೆ ಕೆಂಪು ಚುಕ್ಕೆಯಿದ್ದರೆ ಒಳಗಿನ ನರ ಈಗಷ್ಟೇ ತೆರೆದುಕೊಂಡಿದೆ. ಕಪ್ಪಗಿದ್ದರೆ ಸಾಮಾನ್ಯವಾಗಿ ನರ ಸತ್ತಿದೆ ಎಂದರ್ಥ. ಎರಡರಲ್ಲೂ ಸೋಂಕು ಬೇರಿಗಿಳಿಯುತ್ತದೆ. ಮೂಳೆಯಿಂದ ಹೆಚ್ಚಾಗಿ ಸೀಳುವುದು ಮೇಲ್ದವಡೆಯ ಮೂರು ಬೇರಿನ ದೊಡ್ಡ ಹಲ್ಲು. ಅದರಲ್ಲಿ ಕೀವು ಕಟ್ಟಿದರೆ ಕಣ್ಣಿನ ಕೆಳಗೆ ಊದುತ್ತದೆ. ಆಂಟಿಬಯಾಟಿಕ್‌ನಿಂದ ಊತ ಇಳಿದೀತು, ಹಲ್ಲು ವಾಸಿಯಾಗದು. ಅರಿವಳಿಕೆ ಕೊಟ್ಟು, ಎಕ್ಸ್‌-ರೇ ನೋಡಿ, ರೂಟ್ ಕೆನಾಲ್ ಮಾಡಬೇಕು ಇಲ್ಲವೇ ಕೀಳಬೇಕು. ಒಂದೂವರೆ ವರ್ಷದೊಳಗಿನ ನಾಯಿಯನ್ನು ಹಲ್ಲು ಮುರಿದ 48 ಗಂಟೆಯೊಳಗೆ ಪಶುವೈದ್ಯರ ಬಳಿ ಕರೆದೊಯ್ದರೆ ನರ ಉಳಿಸಿಕೊಳ್ಳುವ ಅವಕಾಶವೂ ಇದೆ. ಅಲ್ಲಿಯವರೆಗೆ ಮೆತ್ತನೆಯ ಅನ್ನ ಸಾಕು. ಮನೆಯಲ್ಲಿರುವ ನೋವಿನ ಮಾತ್ರೆ ಐಬುಪ್ರೊಫೆನ್ ಮಾತ್ರ ಕೊಡಲೇಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಕೆಡುತ್ತದೆ.