ಮನೆಯಲ್ಲೇ ಮಾಡಿದ ಸೌಂಡ್ ಬಾಕ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಸ್ವಂತ ಕೈಯಿಂದ ಸ್ಪೀಕರ್ ಬಾಕ್ಸ್ ಕಟ್ಟಿದವರವು. ಹೊಸ ಸ್ಪೀಕರ್ ಕೊಳ್ಳಲು ಹೊರಟವರು ಮೊದಲು ತಮ್ಮ ಪೆಟ್ಟಿಗೆಯನ್ನು ಒಮ್ಮೆ ಪರೀಕ್ಷಿಸಲಿ ಎಂದು ಐದು ಪತ್ರಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: 12 ಇಂಚಿನ ವೂಫರ್‌ಗೆ (ದಪ್ಪ ಸ್ವರದ ಸ್ಪೀಕರ್) 18 ಎಂ.ಎಂ. ಪ್ಲೈವುಡ್‌ನಲ್ಲಿ ಬಾಕ್ಸ್ ಮಾಡಿದ್ದೇನೆ. ಎತ್ತರ 60, ಅಗಲ 40, ಆಳ 35 ಸೆಂ.ಮೀ. ಅಂದರೆ 84 ಲೀಟರ್. 45 ಹರ್ಟ್ಜ್‌ನ ದಪ್ಪ ಸ್ವರ ಬರಲೆಂದು 10 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪನ್ನು 6.5 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಕೂಡಿಸಿದೆ. ಡೊಳ್ಳಿನ ಪದ ಹಚ್ಚಿದರೆ ಎಲ್ಲ ಪೆಟ್ಟೂ ಒಂದೇ ಸ್ವರದಲ್ಲಿ ‘ಗುಂ’ ಅನ್ನುತ್ತವೆ. ವೂಫರ್ ಬದಲಿಸಲೇ? (ಜಮಖಂಡಿ)

ಉತ್ತರ: ವೂಫರ್ ಚೆನ್ನಾಗಿಯೇ ಇರಬಹುದು, ಲೆಕ್ಕ ತಪ್ಪಿದೆ. ನೀವು ಹಿಡಿದದ್ದು ಹೊರಅಳತೆ. ಗಾಳಿ ಇರುವುದು ಒಳಗೆ. ಪ್ರತಿ ಅಳತೆಯಲ್ಲೂ ಎರಡೂ ಬದಿಯ ಹಲಗೆ ಸೇರಿ 3.6 ಸೆಂ.ಮೀ. ಕಳೆದರೆ 56.4 × 36.4 × 31.4, ಅಂದರೆ 64.5 ಲೀಟರ್. ವೂಫರ್‌ನ ಹಿಂಭಾಗ, ಪೈಪು, ಒಳಗಿನ ಅಡ್ಡಪಟ್ಟಿಗಳು ಸುಮಾರು 6 ಲೀಟರ್ ನುಂಗುತ್ತವೆ. ಉಳಿದದ್ದು 58 ಲೀಟರ್. 84 ಲೀಟರಿಗೆಂದು ಕತ್ತರಿಸಿದ ಪೈಪು 58 ಲೀಟರಿನಲ್ಲಿ ಕೂತಾಗ ಬಾಕ್ಸಿನ ನಾದ 45ರಿಂದ 54 ಹರ್ಟ್ಜ್‌ಗೆ ಏರುತ್ತದೆ. ಡೊಳ್ಳಿನ ತೂಕ ಬೀಳುವ ಜಾಗವೇ ಅದು, ಹಾಗಾಗಿ ಅದೊಂದೇ ಸ್ವರ ಉಬ್ಬುತ್ತದೆ.

ಪೈಪಿನ ಉದ್ದಕ್ಕೆ ಸೂತ್ರ ಹೀಗಿದೆ: ಒಳವ್ಯಾಸದ (ಸೆಂ.ಮೀ.) ವರ್ಗವನ್ನು 23,562ರಿಂದ ಗುಣಿಸಿ. ಬೇಕಾದ ಹರ್ಟ್ಜ್‌ನ ವರ್ಗವನ್ನು ಲೀಟರಿನಿಂದ ಗುಣಿಸಿ, ಬಂದದ್ದರಿಂದ ಮೊದಲಿನದನ್ನು ಭಾಗಿಸಿ. ಕೊನೆಗೆ ವ್ಯಾಸದ 0.73 ಪಟ್ಟು ಕಳೆಯಿರಿ. ನಿಮ್ಮ ಬಾಕ್ಸಿಗೆ ಸುಮಾರು 12.8 ಸೆಂ.ಮೀ. ಬರುತ್ತದೆ. ಮೊದಲು 14 ಸೆಂ.ಮೀ. ಕತ್ತರಿಸಿ, ಕೇಳಿ ನೋಡಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಕತ್ತರಿಸಿದ ಪೈಪನ್ನು ಮತ್ತೆ ಉದ್ದ ಮಾಡಲಾಗದು. ಪೈಪಿನ ಒಳತುದಿಗೂ ಹಿಂದಿನ ಹಲಗೆಗೂ ನಡುವೆ ಕನಿಷ್ಠ 10 ಸೆಂ.ಮೀ. ಜಾಗವಿರಲಿ.

ಸರಿ ಕೂತಿದೆಯೇ ಎಂದು ನೋಡಲು ವೂಫರ್ ಕೋನ್ (ಮುಂದೆ ಕಾಣುವ, ನಡುಗುವ ಬಟ್ಟಲು) ಮೇಲೆ ಸೀಮೆಸುಣ್ಣದ ಒಂದು ಚುಕ್ಕಿ ಇಡಿ. ಮೊಬೈಲ್‌ನ ಟೋನ್ ಆ್ಯಪ್‌ನಿಂದ 70 ಹರ್ಟ್ಜ್‌ನಿಂದ ಕೆಳಗೆ ಒಂದೊಂದೇ ಇಳಿಸುತ್ತ ಬನ್ನಿ. ಚುಕ್ಕಿ ಗೆರೆಯಂತೆ ಕಾಣುತ್ತಿದ್ದದ್ದು ಒಂದು ಕಡೆ ಮತ್ತೆ ಚುಕ್ಕಿಯಾಗುತ್ತದೆ, ಅಲ್ಲೇ ಪೈಪಿನಿಂದ ಗಾಳಿ ಜೋರಾಗಿ ಹೊಡೆಯುತ್ತದೆ. ಬಾಕ್ಸಿನ ನಿಜವಾದ ನಾದ ಅದೇ.

ಇನ್ನೆರಡು ಮಾತು. ಹಿಂದಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಡೊಳ್ಳಿನಂತೆ ಮೊಳಗಿದರೆ ಒಳಗೆ 5 × 2.5 ಸೆಂ.ಮೀ. ಪಟ್ಟಿ ಅಂಟಿಸಿ, ಆದರೆ ನಟ್ಟನಡುವೆ ಬೇಡ. ನಡುವೆ ಕೂತರೆ ಎರಡೂ ಅರ್ಧಗಳು ಒಂದೇ ಸ್ವರದಲ್ಲಿ ನಡುಗುತ್ತವೆ, ಮೂರರಲ್ಲಿ ಒಂದು ಭಾಗದ ಬಳಿ ಕೂಡಿಸಿ. ಎರಡನೆಯದು ಕೋಣೆ. ಕಲ್ಲಿನ ಗೋಡೆ, ಫರ್ಸಿ ನೆಲದ 12 ಅಡಿ ಕೋಣೆ ತಾನೇ 47 ಹರ್ಟ್ಜ್ ಸುತ್ತ ಮೊರೆಯುತ್ತದೆ. ಬಾಕ್ಸನ್ನು ಮೂಲೆಯಿಂದ ಎರಡಡಿ ಈಚೆ ಎಳೆದು ಕೇಳಿ.

ಪ್ರಶ್ನೆ: ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಕ್ಸ್ ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆಗಾಲ ಮುಗಿದ ಮೇಲೆ ದಪ್ಪ ಸ್ವರ ಬಂದಾಗ ‘ಝರ್ರ್’ ಎನ್ನುತ್ತಿದೆ. (ಖಾನಾಪುರ)

ಉತ್ತರ: ದೋಷ ಸ್ಪೀಕರಿನದೋ ಪೆಟ್ಟಿಗೆಯದೋ ಮೊದಲು ಬೇರೆ ಮಾಡಿ. ವೂಫರ್ ಬಿಚ್ಚಿ, ಮೆತ್ತನೆಯ ಬಟ್ಟೆ ಮೇಲೆ ಕೋನ್ ಮೇಲಾಗಿ ಇಟ್ಟು ಸಣ್ಣ ದನಿಯಲ್ಲಿ ನುಡಿಸಿ. ಜೋರು ಮಾಡಬೇಡಿ, ಪೆಟ್ಟಿಗೆಯ ಗಾಳಿಯ ತಡೆ ಇಲ್ಲದೆ ಕೋನ್ ಮಿತಿಮೀರಿ ಓಡುತ್ತದೆ. ಸದ್ದು ನಿಲ್ಲಿಸಿ ಎರಡೂ ಕೈಬೆರಳುಗಳಿಂದ ಕೋನನ್ನು ಸಮನಾಗಿ ಒತ್ತಿ. ಒಳಗೆ ಕೆರೆದ ಸದ್ದು ಬಂದರೆ ಕೋನ್ ಹಿಂದಿನ ತಂತಿಸುರುಳಿ (ಕಾಯಿಲ್) ಉಜ್ಜುತ್ತಿದೆ, ರಿಪೇರಿಯವರ ಬಳಿ ಒಯ್ಯಬೇಕು. ಕೆರೆತ ಇಲ್ಲದಿದ್ದರೆ ತಪ್ಪು ಪೆಟ್ಟಿಗೆಯದು.

ನಿಮ್ಮ ಕಡೆಯ ಮಳೆಯಲ್ಲಿ ನೆಲಕ್ಕೆ ತಾಗಿ ನಿಂತ ಎಂಡಿಎಫ್ ಕೆಳ ಅಂಚಿನಿಂದ ನೀರು ಹೀರಿ ಉಬ್ಬುತ್ತದೆ, ಆಮೇಲೆ ಕೂಡು ಬಿಡುತ್ತದೆ. ವೂಫರ್ ಮರಳಿ ಕೂಡಿಸಿ, ಪೈಪಿದ್ದರೆ ಬಟ್ಟೆ ತುರುಕಿ, 40 ಹರ್ಟ್ಜ್ ಟೋನ್ ಹಚ್ಚಿ. ಹೊತ್ತಿಸಿದ ಊದುಬತ್ತಿಯನ್ನು ಪ್ರತಿ ಅಂಚು, ವೂಫರ್ ಸುತ್ತು, ಹಿಂದಿನ ಟರ್ಮಿನಲ್ ಬಳಿ ನಿಧಾನ ಸರಿಸಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲೇ ಸೋರಿಕೆ. ಕಿಡಿ ಕೋನ್‌ಗೂ ಅಂಚಿನ ಫೋಮ್‌ಗೂ ತಾಗದಿರಲಿ.

ಬಿಟ್ಟ ಕೂಡಿಗೆ ಒಳಗಿನಿಂದ ಮರದ ಅಂಟು ಹಾಕಿ ಒತ್ತಿ ಹಿಡಿಯಿರಿ. ಸಿಲಿಕೋನ್ ಬಳಸುವುದಾದರೆ ವಿನೆಗರ್ ವಾಸನೆಯದು ಬೇಡ, ಅದರ ಆವಿ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನು ಕೊಳ್ಳಿ, ಒಂದು ದಿನ ಒಣಗಿದ ಮೇಲೇ ವೂಫರ್ ಕೂಡಿಸಿ. ವೂಫರ್ ಕೆಳಗೆ 3 ಎಂ.ಎಂ. ಫೋಮ್ ಟೇಪ್ ಸುತ್ತಿಸಿ. ಉಬ್ಬಿದ ಎಂಡಿಎಫ್‌ನಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಟಿ-ನಟ್ (ಹಲಗೆಯ ಹಿಂದಿನಿಂದ ಕೂರುವ ನಟ್) ಹಾಕಿ ಬೋಲ್ಟ್ ಬಿಗಿಯಿರಿ. ಕೆಳ ಹಲಗೆಯೇ ಮೆತ್ತಗಾಗಿದ್ದರೆ ಅದು ಹಳೆಯ ಗಟ್ಟಿಗೆ ಮರಳುವುದಿಲ್ಲ, ಬದಲಿಸಿ. ಹೊಸದರ ಕತ್ತರಿಸಿದ ಅಂಚುಗಳಿಗೆ ಎರಡು ಕೋಟ್ ಸೀಲರ್ ಬಳಿದು, ಬಾಕ್ಸಿನಡಿ 3 ಸೆಂ.ಮೀ. ರಬ್ಬರ್ ಕಾಲು ಹಾಕಿ.

ಪ್ರಶ್ನೆ: ಒಂದು ವರ್ಷದಲ್ಲಿ ಮೂರು ಟ್ವೀಟರ್ (ಮೇಲಿನ ಸ್ವರದ ಸಣ್ಣ ಸ್ಪೀಕರ್) ಸುಟ್ಟವು. 8 ಓಮ್ ಟ್ವೀಟರ್‌ಗೆ ದಪ್ಪ ಸ್ವರ ತಡೆಯಲೆಂದು 10 ಮೈಕ್ರೊಫ್ಯಾರಡ್ ಕಂಡೆನ್ಸರ್ (ಕೆಪಾಸಿಟರ್) ಹಾಕಿದ್ದೇನೆ. (ಸಿಂದಗಿ)

ಉತ್ತರ: 8 ಓಮ್‌ಗೆ 10 ಮೈಕ್ರೊಫ್ಯಾರಡ್ ಎಂದರೆ 2 ಕಿಲೋಹರ್ಟ್ಜ್‌ನಿಂದಲೇ ಟ್ವೀಟರ್ ಕೆಲಸಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೂ ಒಂದೇ ಕಂಡೆನ್ಸರ್ ಪೂರ್ತಿ ತಡೆಯುವುದಿಲ್ಲ. ಒಂದಿಂಚಿನ ಟ್ವೀಟರ್‌ಗೆ ಅದು ಮೀರಿದ ಹೊರೆ. 4.7 ಮೈಕ್ರೊಫ್ಯಾರಡ್ ಹಾಕಿದರೆ 4.2 ಕಿಲೋಹರ್ಟ್ಜ್‌ಗೆ ಏರುತ್ತದೆ. ಅದಕ್ಕಿಂತ ಉತ್ತಮವೆಂದರೆ 3.3 ಮೈಕ್ರೊಫ್ಯಾರಡ್ ಸೀರೀಸ್‌ನಲ್ಲಿ, ಅದರ ನಂತರ ಟ್ವೀಟರ್‌ಗೆ ಸಮಾಂತರವಾಗಿ 0.45 ಮಿಲಿಹೆನ್ರಿ ಕಾಯಿಲ್. ಟ್ವೀಟರ್ ತಂತಿಗಳನ್ನು ಒಮ್ಮೆ ಅದಲುಬದಲು ಮಾಡಿ, ಗಾಯಕರ ದನಿ ಯಾವುದರಲ್ಲಿ ತುಂಬಿ ಬರುತ್ತದೋ ಹಾಗೆ ಬಿಡಿ. ಕಂಡೆನ್ಸರ್ 100 ವೋಲ್ಟ್‌ನ ನಾನ್-ಪೋಲಾರ್ ಇರಬೇಕು. ಪ್ಲಸ್-ಮೈನಸ್ ಗುರುತಿನ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಇಲ್ಲಿ ಸಲ್ಲದು.

ಆಂಪ್ಲಿಫೈಯರ್ ಕೂಡ ಟ್ವೀಟರನ್ನು ಸುಡುತ್ತದೆ, ಅದೂ ಚಿಕ್ಕದಿದ್ದಾಗಲೇ ಹೆಚ್ಚು. ಶಕ್ತಿ ಮೀರಿ ತಿರುಗಿಸಿದರೆ ಅಲೆಗಳ ತುದಿ ಕತ್ತರಿಸಿ ಹೋಗಿ, ಆ ಕತ್ತರಿಸಿದ ಅಂಚಿನಿಂದ ಹುಟ್ಟುವ ಮೇಲಿನ ಸ್ವರಗಳೆಲ್ಲ ಟ್ವೀಟರ್ ಪಾಲಿಗೆ ಬೀಳುತ್ತವೆ. ಹಾಡು ಒರಟಾಗುವ ಜಾಗದಿಂದ ವಾಲ್ಯೂಮ್ ಹಿಂದೆ ತನ್ನಿ.

ಪ್ರಶ್ನೆ: ಒಂದೊಂದೇ ನುಡಿಸಿದರೆ ಬೇಸ್ ಇದೆ, ಎರಡೂ ಬಾಕ್ಸ್ ಸೇರಿಸಿದರೆ ಮಾಯ. (ವಿಜಯಪುರ)

ಉತ್ತರ: ಒಂದರ ತಂತಿ ತಿರುವುಮುರುವಾಗಿದೆ. ಒಂದು ಕೋನ್ ಗಾಳಿ ತಳ್ಳುವಾಗ ಇನ್ನೊಂದು ಸೆಳೆಯುತ್ತಿದೆ. ಆಂಪ್ಲಿಫೈಯರ್‌ನಿಂದ ತಂತಿ ಬಿಚ್ಚಿ, 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ವೂಫರ್‌ನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಕ್ಷಣಮಾತ್ರ ತಾಗಿಸಿ. ಎರಡೂ ಕೋನ್ ಹೊರಗೆ ನೆಗೆಯಬೇಕು. ಟ್ವೀಟರ್‌ಗೆ ಈ ಪರೀಕ್ಷೆ ಬೇಡ.

ಪ್ರಶ್ನೆ: ಮನೆಯಲ್ಲಿ ಬೆಳೆದ ಹತ್ತಿಯನ್ನೇ ಬಾಕ್ಸಿಗೆ ತುಂಬಬಹುದೇ? (ಮುಧೋಳ)

ಉತ್ತರ: ಬೇಡ. ಹತ್ತಿ ಕೆಲವು ತಿಂಗಳಲ್ಲಿ ಗಂಟುಗಟ್ಟಿ ತಳಕ್ಕಿಳಿಯುತ್ತದೆ, ತೇವ ಹಿಡಿಯುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ತನ್ನಿ. ಮುಚ್ಚಿದ ಬಾಕ್ಸಿಗೆ ಲೀಟರಿಗೆ 8ರಿಂದ 10 ಗ್ರಾಂ, ಸಡಿಲವಾಗಿ ಬಿಡಿಸಿ ತುಂಬಿ. ಪೈಪಿನ ಬಾಕ್ಸಿಗೆ ಗೋಡೆಗಳಿಗೆ ಮಾತ್ರ 2-3 ಸೆಂ.ಮೀ. ದಪ್ಪ ಅಂಟಿಸಿ, ವೂಫರ್‌ನಿಂದ ಪೈಪಿನವರೆಗೆ ದಾರಿ ತೆರೆದಿರಲಿ. ಅಯಸ್ಕಾಂತದ ಹಿಂದೆ ತೂತಿದ್ದರೆ ನಾರು ಒಳಹೋಗದಂತೆ ಸೊಳ್ಳೆಪರದೆಯ ತುಂಡು ಅಡ್ಡ ಕಟ್ಟಿ.